ಬೆಳಕು ಯಾರಿಗೆ, ಬೂದಿ ಯಾರಿಗೆ?

(ದುಡಿಯುವವರ ಕೂಟದಲ್ಲಿ ಮಾಡಿದ ಭಾಷಣ)

ಈ ಹೊತ್ತು ನಮ್ಮ ಕೂಟದ ಮುಂದಿರುವ ವಿಷಯ ದೊಡ್ಡದು. ಬಿಸಿಲು, ಗಾಳಿ, ನೀರಿನಿಂದ ಪಡೆಯುವ ವಿದ್ಯುತ್ತು ಒಳ್ಳೆಯದೋ, ಅಣು ವಿದ್ಯುತ್ತು ಒಳ್ಳೆಯದೋ? ಇಲ್ಲವೇ, ಜನಸಂಖ್ಯೆ ಇಳಿಯದ ಹೊರತು ಭೂಮಿಗೆ ಉಳಿಗಾಲವೇ ಇಲ್ಲವೋ? ಪಟ್ಟಣದ ಸಭೆಗಳಲ್ಲಿ ಈ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯುತ್ತದೆ. ನಾವು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ದುಡಿಯುವ ಜನ. ಈ ಪ್ರಶ್ನೆಯನ್ನು ನಾವು ನಮ್ಮ ಹೊಲದಿಂದ, ಮಗ್ಗದಿಂದ, ಹೊಳೆಯ ದಂಡೆಯಿಂದ ನೋಡೋಣ.

ಮೊದಲು ಕೃಷ್ಣೆಯ ದಂಡೆಗೆ ಹೋಗೋಣ. ನಮ್ಮ ಕಡೆಯ ದಂಡೆಯಲ್ಲಿ ನಿಂತರೆ ಆಚೆ ಶಕ್ತಿನಗರದ ಎತ್ತರದ ಹೊಗೆಕೊಳವೆಗಳು ಕಾಣುತ್ತವೆ. ಅದೇ ರಾಯಚೂರು ಉಷ್ಣ ವಿದ್ಯುತ್ ಕೇಂದ್ರ. ಅದರ ಮೊದಲ ಘಟಕ 1985ರಲ್ಲಿ ಶುರುವಾಯಿತು. ಮುಂದೆ ಘಟಕಗಳು ಎಂಟಾದವು, ಶಕ್ತಿ 1,720 ಮೆಗಾವ್ಯಾಟ್‌ಗೆ ಏರಿತು. ಕಲ್ಲಿದ್ದಲು ದೂರದ ಗಣಿಗಳಿಂದ ಬರುತ್ತದೆ, ನೀರು ಕೃಷ್ಣೆಯದು. ಹುಟ್ಟಿದ ವಿದ್ಯುತ್ತು ತಂತಿ ಹಿಡಿದು ದೂರದ ನಗರಗಳಿಗೂ ಕಾರ್ಖಾನೆಗಳಿಗೂ ಹೋಗುತ್ತದೆ. ಬೂದಿಯಲ್ಲಿ ಒಂದಿಷ್ಟು ಸಿಮೆಂಟಿಗೆ, ಇಟ್ಟಿಗೆಗೆ ಹೋದರೂ ಮಿಕ್ಕದ್ದು ಸುತ್ತಿನ ಹೊಂಡಗಳಲ್ಲೇ ಉಳಿಯುತ್ತದೆ. ಬೆಳಕು ಒಬ್ಬರಿಗೆ, ಬೂದಿ ಮತ್ತೊಬ್ಬರಿಗೆ. ನಮ್ಮ ಚರ್ಚೆಯ ಬೇರು ಇಲ್ಲಿದೆ.

ಹಾಗಾದರೆ ಹೊಗೆಯಿಲ್ಲದ ವಿದ್ಯುತ್ತು ಇಲ್ಲವೇ? ಇದೆ. ಹೊಳೆ ಹಿಡಿದು ಕೆಳಗೆ ಬಂದರೆ ಗದ್ವಾಲದ ಹತ್ತಿರ ಜುರಾಲ ಅಣೆಕಟ್ಟು ಇದೆ. ಅಲ್ಲಿ 39 ಮೆಗಾವ್ಯಾಟಿನ ಆರು ಯಂತ್ರಗಳಿವೆ. ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಮೇಲಿನಿಂದ ಪ್ರವಾಹ ಬಂದ ತಿಂಗಳುಗಳಲ್ಲಿ ಯಂತ್ರಗಳು ಚೆನ್ನಾಗಿ ತಿರುಗುತ್ತವೆ, ಬೇಸಿಗೆಯಲ್ಲಿ ಸುಮ್ಮನಾಗುತ್ತವೆ. ಈ ಅಣೆಕಟ್ಟಿನ ಹಿನ್ನೀರಿಗೆ ಮಕ್ತಲ್ ಕಡೆಯ ಹೊಲಗಳೂ ಹೋದವು. ಅಣೆಕಟ್ಟು ಕಟ್ಟುವುದೆಂದರೆ ಪಾಲಮೂರು ಕೂಲಿಯ ಹೆಸರು ಕೇಳದವರಿಲ್ಲ. ಗುಂಪು ಮೇಸ್ತ್ರಿಯಿಂದ ಮುಂಗಡ ಪಡೆದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗಿ, ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳಿಗೆ ಮಣ್ಣು ಹೊತ್ತವರು ನಮ್ಮವರೇ. ಅವರ ಸ್ವಂತ ಹೊಲ ಮಾತ್ರ ಮಳೆಯ ದಾರಿ ಕಾಯುತ್ತಿತ್ತು.

ವಿದ್ಯುತ್ತೇ ಬೇಡವೆಂದು ನಾವು ಹೇಳಲಾರೆವು. ನಮ್ಮಲ್ಲಿ ಹೊಳೆ ತಗ್ಗಿನಲ್ಲಿದೆ, ಹೊಲ ದಿಣ್ಣೆಯಲ್ಲಿದೆ. ಜುರಾಲ ಹಿನ್ನೀರನ್ನು ಎತ್ತಿ ಗದ್ವಾಲ ಸೀಮೆಗೆ ಕೊಡುವ ನೆಟ್ಟೆಂಪಾಡು ಯೋಜನೆ ನಡೆಯುವುದು ಪಂಪುಗಳಿಂದ. 2018ರ ಜನವರಿ 1ರಿಂದ ತೆಲಂಗಾಣದಲ್ಲಿ ವ್ಯವಸಾಯಕ್ಕೆ 24 ಗಂಟೆ ವಿದ್ಯುತ್ತು ಕೊಡುವ ಏರ್ಪಾಡಾಯಿತು. ಬೋರಿನ ಮೋಟಾರು ಹಾಕಲು ರಾತ್ರಿ ಹಾವು ಚೇಳಿನ ನಡುವೆ ಹೊಲಕ್ಕೆ ನಡೆದವರಿಗೆ ಇದರ ಬೆಲೆ ಗೊತ್ತು.

ಇನ್ನು ಬಿಸಿಲಿನ ವಿದ್ಯುತ್ತು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿದೆ. ಅಲ್ಲಿ ರೈತರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಬರದ ಸೀಮೆಯ ರೈತನಿಗೆ ಇದು ಸಣ್ಣ ಮಾತಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿ ಹೆಂಗಸಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಯಾವ ಬಾಡಿಗೆ ಬರುತ್ತದೆ? ಪಟ್ಟಾ ಇದ್ದವನಿಗೆ ಹಣ ಬಂತು. ಪಟ್ಟಾ ಇಲ್ಲದವನ ಕೆಲಸ ಹೋಯಿತು. ಸೌರ ವಿದ್ಯುತ್ತು ಬೇಕು, ಬೇಗ ಬೇಕು. ಅದರ ಲೆಕ್ಕದಲ್ಲಿ ಭೂಮಿಯಿಲ್ಲದವನ ಹೆಸರೂ ಬರಬೇಕು.

ಅಣು ವಿದ್ಯುತ್ತಿನ ಪರವಾಗಿ ಮಾತಾಡುವವರ ವಾದವನ್ನೂ ತಾಳ್ಮೆಯಿಂದ ಕೇಳೋಣ. ಬಿಸಿಲು ಸಂಜೆಗೆ ಮುಳುಗುತ್ತದೆ, ಅಣು ಕೇಂದ್ರ ಹಗಲೂ ರಾತ್ರಿಯೂ ನಡೆಯುತ್ತದೆ, ಹೊಗೆಯೂ ಇಲ್ಲ. ಇದು ನಿಜ. ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕವು 2016ರಿಂದ 2018ರವರೆಗೆ ಎಡೆಬಿಡದೆ 962 ದಿನ ನಡೆದು, ಆಗ ಜಗತ್ತಿನ ದಾಖಲೆ ಮಾಡಿತು. ಆದರೆ ಅದೇ ಕೈಗಾದಲ್ಲಿ, ಕಟ್ಟುವ ಕಾಲಕ್ಕೆ, 1994ರಲ್ಲಿ ಗುಮ್ಮಟದ ಕಾಂಕ್ರೀಟು ಕುಸಿದು ಕೆಲಸಗಾರರು ಗಾಯಗೊಂಡದ್ದನ್ನು ದುಡಿಯುವವರು ಮರೆಯಬಾರದು. ಉರಿದುಳಿದ ಇಂಧನದ ವಿಷ ಸಾವಿರಾರು ವರ್ಷ ಇರುವಂಥದು. ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನು ಕಾಯಬೇಕು.

ಇದು ದೂರದ ಮಾತು ಎನ್ನಬೇಡಿ. ನೆರೆಯ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕಿದೆ; ಗಣಿ ಬೇಡವೆಂದು ಅಲ್ಲಿಯ ಜನ ದನಿಯೆತ್ತಿದರು. ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯದೇ ಭಾಗವಾಗಿದ್ದ ನಲ್ಲಮಲ ಕಾಡಿನಲ್ಲಿ ಯುರೇನಿಯಂ ಹುಡುಕುವ ಸುದ್ದಿ ಎದ್ದಾಗ ಚೆಂಚು ಜನರೂ ಸುತ್ತಿನ ಊರುಗಳವರೂ ಎದುರು ನಿಂತರು. 2019ರ ಸೆಪ್ಟೆಂಬರಿನಲ್ಲಿ ತೆಲಂಗಾಣ ವಿಧಾನಸಭೆಯೂ ಅದು ಬೇಡವೆಂದು ಒಮ್ಮತದಿಂದ ನಿರ್ಣಯ ಮಾಡಿತು. ಬಡವರು ಒಟ್ಟಾಗಿ ಆಡಿದ ಮಾತು ವಿಧಾನಸಭೆಯವರೆಗೆ ಮುಟ್ಟಿತು. ಇದು ನಮಗೆ ಪಾಠ.

ಕೊನೆಗೆ ಜನಸಂಖ್ಯೆ. ಈ ಮಾತು ಬಂದಾಗಲೆಲ್ಲ ಬೆರಳು ಬಡವರ ಗುಡಿಸಲಿನ ಕಡೆಗೇ ತಿರುಗುತ್ತದೆ. 1976ರ ತುರ್ತು ಪರಿಸ್ಥಿತಿಯಲ್ಲಿ ಗುರಿ ಮುಟ್ಟಿಸಲು ಜನರನ್ನು ಬಲವಂತವಾಗಿ ಶಸ್ತ್ರಚಿಕಿತ್ಸೆಗೆ ಎಳೆದದ್ದನ್ನು ದೇಶ ಕಂಡಿದೆ. ಲೆಕ್ಕ ಏನು ಹೇಳುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಬ್ಬ ತಾಯಿಗೆ ಸರಾಸರಿ ಮಕ್ಕಳು ತೆಲಂಗಾಣದಲ್ಲಿ 1.8, ಕರ್ನಾಟಕದಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಅಂದರೆ ಬಲವಂತವಿಲ್ಲದೆಯೇ ಮನೆಗಳು ಚಿಕ್ಕವಾಗಿವೆ. ಖರ್ಚಿನ ಲೆಕ್ಕವನ್ನೂ ನೋಡಿ: 2022-23ರಲ್ಲಿ ನಮ್ಮ ದೇಶದಲ್ಲಿ ತಲೆಗೆ ಸುಮಾರು 1,300 ಯೂನಿಟ್ ವಿದ್ಯುತ್ತು, ಅಮೆರಿಕದಲ್ಲಿ ಸುಮಾರು 12,000. ಅಲ್ಲಿಯ ಒಬ್ಬ ಇಲ್ಲಿಯ ಒಂಬತ್ತು ಮಂದಿಯಷ್ಟು ಬಳಸಿದ. ನಾರಾಯಣಪೇಟೆಯ ಕುಣಿಮಗ್ಗದಲ್ಲಿ ಕೂತು ಕೈಕಾಲಿನಿಂದಲೇ ಸೀರೆ ನೇಯುವ ತಾಯಿ ಬಳಸುವುದೆಷ್ಟು? ತಲೆಯ ಮೇಲಿನ ಒಂದು ದೀಪ, ಒಂದು ಫ್ಯಾನು. ಭೂಮಿಗೆ ಭಾರವಾದವಳು ಅವಳೇ?

ಅವಳಿಗೆ ಬೇಕಾದದ್ದು ಮಗಳಿಗೆ ಶಾಲೆ, ಹೆರಿಗೆಗೆ ಆಸ್ಪತ್ರೆ, ನೇಯ್ಗೆಗೆ ನ್ಯಾಯವಾದ ಕೂಲಿ. 2011ರ ಜನಗಣತಿಯ ಕಾಲಕ್ಕೆ ಈಗಿನ ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಸೀಮೆಯಲ್ಲಿ ಓದು ಬರಹ ಬಲ್ಲವರು ಸುಮಾರು ಅರ್ಧ ಮಂದಿ. ತಂದೆತಾಯಿ ಗುಳೆ ಹೋದರೆ ಮಗುವಿನ ಶಾಲೆಯೂ ತಪ್ಪುತ್ತದೆ. ನಾಚಿಕೆಪಡಬೇಕಾದ ಸಂಖ್ಯೆ ಇದು, ಮಕ್ಕಳ ಸಂಖ್ಯೆಯಲ್ಲ.

ಆದ್ದರಿಂದ ಸಹೋದರರೇ, ಸಹೋದರಿಯರೇ, ಯಾವ ವಿದ್ಯುತ್ ಯೋಜನೆ ನಮ್ಮ ಸೀಮೆಗೆ ಬಂದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳೋಣ. ಭೂಮಿ, ನೀರು ಯಾರದು? ಕಟ್ಟಿ ಮುಗಿದ ಮೇಲೆ ಕೂಲಿಯವನಿಗೆ ಕೆಲಸವೇನು? ಬೂದಿಯೋ ವಿಷವೋ ಯಾರ ಅಂಗಳಕ್ಕೆ ಬೀಳುತ್ತದೆ? ಬಿಸಿಲಿನ ಯೋಜನೆಯಾದರೂ, ಅಣುವಿನದಾದರೂ ಪ್ರಶ್ನೆ ಇವೇ. ಉತ್ತರ ಸರಿಯಾಗಿದ್ದರೆ ಕೈಜೋಡಿಸೋಣ. ಇಲ್ಲವಾದರೆ ಒಟ್ಟಾಗಿ ಬೇಡವೆನ್ನೋಣ. ಭೂಮಿಯನ್ನು ಉಳಿಸುವ ಕೆಲಸದಲ್ಲಿ ದುಡಿಯುವವನನ್ನು ಬಿಟ್ಟು ಲೆಕ್ಕ ಹಾಕಬಾರದು. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.