ಗಿರಣಿಯ ಬೆಲ್ಟು, ನಮ್ಮ ಕೈ

(ಸಂಜೆಯ ಕಲಿಕಾ ತರಗತಿಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)



ಎಲ್ಲರ ಕೆಲಸ ಮುಗೀತಾ? ಸರಿ. ಇವತ್ತು ಸ್ಲೇಟು ಪಕ್ಕಕ್ಕಿಡಿ. ಇವತ್ತು ಬೆಲ್ಟಿನ ವಿಷಯ ಮಾತಾಡೋಣ. ಸೊಂಟಕ್ಕೆ ಕಟ್ಟುವ ಬೆಲ್ಟಲ್ಲ. ಹಿಟ್ಟಿನ ಗಿರಣಿಯ ಬೆಲ್ಟು.

"ಟೀಚರೇ, ಅದು ಗಂಡಸರ ಕೆಲಸ ಅಲ್ವಾ?" ಅಂತ ನೀವು ಕೇಳಬಹುದು. ರಾಗಿ ಹೊತ್ತು ಗಿರಣಿಗೆ ಹೋಗುವವರು ಯಾರು? ನಾವು. ಗಿರಣಿ ನಿಂತರೆ ಮನೆಯಲ್ಲಿ ಮುದ್ದೆಗೆ ಹಿಟ್ಟಿಲ್ಲ ಅಂತ ಪರದಾಡುವವರು ಯಾರು? ನಾವು. ಈಗ ನಮ್ಮ ಸಂಘದವರೇ ಗಿರಣಿ ನಡೆಸುತ್ತಿದ್ದಾರೆ. ಹಾಗಾದರೆ ಬೆಲ್ಟಿನ ವಿಷಯ ಮೊದಲು ನಮಗೇ ಗೊತ್ತಿರಬೇಕು.

ನನ್ನ ಚಿಕ್ಕಮ್ಮನ ಕತೆ ಹೇಳ್ತೀನಿ. 1996ರ ಮಾತು. ಆಗ ನನಗೆ 8 ವರ್ಷ. ಚಿಕ್ಕಮ್ಮ ಒಂದು ಗಿರಣಿಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಬೆಲ್ಟು ಜಾರಿ ಕೆಳಗೆ ಬಿತ್ತು. ಹೊರಗೆ ಜನ ಸಾಲಾಗಿ ನಿಂತಿದ್ದರು. ಗಿರಣಿಯವನಿಗೆ ಅವಸರ. ಮೋಟಾರು ಸಡಿಲ ಮಾಡಲಿಲ್ಲ. ಸ್ವಿಚ್ಚನ್ನೂ ಪೂರ್ತಿ ಆರಿಸಲಿಲ್ಲ. ಚಕ್ರ ತಿರುಗುತ್ತಿರುವಾಗಲೇ ಕೋಲಿನಿಂದ ಬೆಲ್ಟು ಏರಿಸಲು ಹೋದ. "ಆ ಕಡೆ ಸ್ವಲ್ಪ ಹಿಡಿಯಮ್ಮ" ಅಂದ. ಚಿಕ್ಕಮ್ಮ ಹಿಡಿದಳು. ಸೆರಗು ಸಿಕ್ಕಿಕೊಂಡಿತು. ಸೆರಗಿನ ಹಿಂದೆ ಕೈಯೂ ಹೋಯಿತು. ಬಲಗೈಯ ಎರಡು ಬೆರಳು ಹೋದವು.

ಗಿರಣಿಗಳಲ್ಲಿರುವ ಎಷ್ಟೋ ಮೋಟಾರುಗಳು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತವೆ. ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 24 ಸುತ್ತು. "ಅಯ್ಯೋ" ಅನ್ನುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ.

ಬೆಲ್ಟು ಮಾಡುವ ಕೆಲಸ ಏನು?

ಮೋಟಾರಿಗೆ ಒಂದು ಚಕ್ರ ಇದೆ. ಗಿರಣಿಗೆ ಒಂದು ಚಕ್ರ ಇದೆ. ಚಕ್ರದಲ್ಲಿ ಕಾಲುವೆಯ ಹಾಗೆ ಗಾಡಿ ಇದೆ. ಬೆಲ್ಟು ಅದರಲ್ಲಿ ಕೂರುತ್ತದೆ. ಬೆಲ್ಟು ಬಿಗಿಯಾಗಿದ್ದರೆ ಮಾತ್ರ ಮೋಟಾರಿನ ಶಕ್ತಿ ಗಿರಣಿಗೆ ಹೋಗುತ್ತದೆ. ಸಡಿಲವಾದರೆ ಬೆಲ್ಟು ಜಾರುತ್ತದೆ, ಕಿರುಚುತ್ತದೆ, ರಬ್ಬರು ಸುಟ್ಟ ವಾಸನೆ ಬರುತ್ತದೆ. ತುಂಬಾ ಬಿಗಿಯಾದರೂ ತೊಂದರೆ. ಬೇರಿಂಗು ಬಿಸಿಯಾಗಿ ಬೇಗ ಸವೆಯುತ್ತದೆ.

ಬಿಗಿ ಮಾಡಲು, ಸಡಿಲ ಮಾಡಲು ಒಂದು ಏರ್ಪಾಡು ಇದೆ. ಮೋಟಾರಿನ ಕೆಳಗೆ ಎರಡು ಕಬ್ಬಿಣದ ಹಳಿ ಇರುತ್ತವೆ. ಮೋಟಾರು ಅದರ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಅದನ್ನು ಹಿಂದಕ್ಕೆ ತಳ್ಳಿ ಹಿಡಿಯಲು ಉದ್ದನೆಯ ಬೋಲ್ಟು ಇರುತ್ತದೆ. ಆ ಬೋಲ್ಟೇ ಬೆಲ್ಟಿನ ಬೀಗದ ಕೈ. ಅದು ಗೊತ್ತಿದ್ದರೆ ಬಲವಂತ ಬೇಡ, ಹಾರೆ ಬೇಡ.

ಬೆಲ್ಟು ತೆಗೆಯುವ ಕ್ರಮ

1. ಮೇನ್ ಸ್ವಿಚ್ಚು ಆರಿಸಿ. ಫ್ಯೂಸು ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಕರೆಂಟು ಹೋಗಿದೆ, ಪರವಾಗಿಲ್ಲ ಅಂತ ಕೈ ಹಾಕಬೇಡಿ. ಹೋದ ಕರೆಂಟು ಹೇಳಿ ಬರುವುದಿಲ್ಲ.

2. ಒಂದು ರಟ್ಟಿನ ಮೇಲೆ ಬರೆಯಿರಿ: "ಕೆಲಸ ನಡೆದಿದೆ. ಸ್ವಿಚ್ಚು ಹಾಕಬೇಡಿ." ಸ್ವಿಚ್ಚಿಗೆ ತೂಗುಹಾಕಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!

3. ಚಕ್ರ ಪೂರ್ತಿ ನಿಲ್ಲುವ ತನಕ ಕಾಯಿರಿ. ಆಮೇಲೆ ಬೆಲ್ಟಿನ ಜಾಲರಿ ತೆಗೆಯಿರಿ.

4. ಮೋಟಾರು ಈಗ ಎಲ್ಲಿದೆಯೋ ಅಲ್ಲಿ ಹಳಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

5. ಮೋಟಾರನ್ನು ಹಿಡಿದಿರುವ ನಾಲ್ಕು ನಟ್ಟುಗಳನ್ನು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ತಿರುಗಿಸಿದರೆ ಬಿಗಿ.

6. ಆಮೇಲೆ ಉದ್ದನೆಯ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ. ಮೋಟಾರನ್ನು ಗಿರಣಿಯ ಕಡೆ ಸರಿಸಿ. ಬೆಲ್ಟು ತಾನೇ ಜೋಲು ಬೀಳುತ್ತದೆ.

7. ಈಗ ಚಿಕ್ಕ ಚಕ್ರದಿಂದ ಬೆಲ್ಟು ಎತ್ತಿ ತೆಗೆಯಿರಿ. ಬೆರಳನ್ನು ಬೆಲ್ಟು ಮತ್ತು ಚಕ್ರದ ನಡುವೆ ತೂರಿಸಬೇಡಿ.

ಹೊಸ ಬೆಲ್ಟು ಹಾಕುವಾಗ ಇದೇ ಕೆಲಸ ಹಿಂದಿನಿಂದ ಮುಂದಕ್ಕೆ. ಎರಡು ಮೂರು ಬೆಲ್ಟು ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹಿಗ್ಗಿರುತ್ತದೆ. ಹೊಸದರ ಮೇಲೆ ಮಾತ್ರ ಭಾರ ಬೀಳುತ್ತದೆ. ಒಂದು ದಾರ ಎಳೆದು ಹಿಡಿದು ಎರಡೂ ಚಕ್ರ ಒಂದೇ ನೇರದಲ್ಲಿವೆಯಾ ನೋಡಿ. ಆಮೇಲೆ ಬಿಗಿ ಮಾಡಿ. ಎರಡು ಚಕ್ರದ ನಡುವೆ ಬೆಲ್ಟು ಅರ್ಧ ಮೀಟರು ಇದ್ದರೆ, ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 8 ಮಿಲಿಮೀಟರು ತಗ್ಗಬೇಕು. ಅಂದರೆ ಒಂದು ಪೆನ್ಸಿಲಿನ ದಪ್ಪ. ನಾಲ್ಕು ನಟ್ಟು ಬಿಗಿದು, ಜಾಲರಿ ಹಾಕಿ, ಆಮೇಲೆ ಫ್ಯೂಸು. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಹಿಗ್ಗುತ್ತದೆ. ಗಿರಣಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಬೆಲ್ಟಿಗೆ ಎಣ್ಣೆ, ಗ್ರೀಸು ತಾಗಿಸಬೇಡಿ. ರಬ್ಬರು ಹಾಳಾಗುತ್ತದೆ, ಬೆಲ್ಟೂ ಜಾರುತ್ತದೆ.

ನಂಬರು ಓದಿ

ಹೋದ ವರ್ಷ ನಮ್ಮ ಸಂಘದ ಗಿರಣಿಯ ಬೆಲ್ಟು ಹರಿಯಿತು. ಪಟ್ಟಣದಿಂದ ಹೊಸದು ತರಿಸಿದೆವು. ಕೂರಲೇ ಇಲ್ಲ. ನೋಡಿದರೆ ಬೇಕಾಗಿದ್ದು ಬಿ-68, ಬಂದಿದ್ದು ಬಿ-62. ಬಾಯಿಮಾತಲ್ಲಿ ಹೇಳಿ ಕಳಿಸಿದ್ದು ದಾರಿಯಲ್ಲಿ ತಪ್ಪಿ ಹೋಗಿತ್ತು. ಗಿರಣಿ ಎರಡು ದಿನ ನಿಂತಿತು. "ಹೊಡೆದು ಕೂರಿಸೋಣ" ಅಂದರು ಒಬ್ಬರು. ಬೇಡ ಅಂದೆ.

ಆ ನಂಬರಿಗೆ ಅರ್ಥ ಇದೆ. ಬಿ ಅಂದರೆ ಬೆಲ್ಟಿನ ಅಗಲದ ಗುರುತು. ಮೇಲ್ಭಾಗ 17 ಮಿಲಿಮೀಟರು ಅಗಲ. 68 ಅಂದರೆ ಒಳಗಿನ ಸುತ್ತಳತೆ 68 ಅಂಗುಲ. 6 ಅಂಗುಲ ಕಡಿಮೆಯಾದರೆ ಹೇಗೆ ಕೂತೀತು? ಈಗ ನಂಬರನ್ನು ಗಿರಣಿಯ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದೇವೆ. ಬರೆದವಳು ಇದೇ ತರಗತಿಯಲ್ಲಿ ಕಲಿತವಳು.

ಕಾರಿನಲ್ಲೂ ಇದೆ

ಈಗ ಕಾರು ಓಡಿಸುವ ಹೆಣ್ಣುಮಕ್ಕಳೂ ಇದ್ದಾರೆ. ಕಾರಿನ ಇಂಜಿನ್ನಿಗೂ ಬೆಲ್ಟು ಇದೆ. ಬ್ಯಾಟರಿಗೆ ಕರೆಂಟು ತುಂಬುವ ಯಂತ್ರವನ್ನು ಅದೇ ತಿರುಗಿಸುತ್ತದೆ. ಎಷ್ಟೋ ಕಾರುಗಳಲ್ಲಿ ಅದನ್ನು ಬಿಗಿಯಾಗಿ ಹಿಡಿಯಲು ಸ್ಪ್ರಿಂಗು ಇರುವ ಒಂದು ಚಿಕ್ಕ ಚಕ್ರ ಇದೆ. ಅದಕ್ಕೆ ಟೆನ್ಷನರ್ ಅಂತಾರೆ. ಇಂಜಿನ್ನು ಆರಿಸಿ, ಬೀಗದ ಕೈ ತೆಗೆದು, ಇಂಜಿನ್ನು ತಣ್ಣಗಾದ ಮೇಲೆ ಕೆಲಸ. ಉದ್ದ ಹಿಡಿಯ ಸ್ಪ್ಯಾನರನ್ನು ಅದರ ತೋಳಿಗೆ ಹಾಕಿ ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿದರೆ ಬೆಲ್ಟು ಸಡಿಲವಾಗುತ್ತದೆ. ಒಂದು ಚಕ್ರದಿಂದ ಜಾರಿಸಿ, ತೋಳನ್ನು ನಿಧಾನವಾಗಿ ಬಿಡಬೇಕು. ಥಟ್ಟನೆ ಬಿಟ್ಟರೆ ಕೈಗೆ ಹೊಡೆಯುತ್ತದೆ. ಬೆಲ್ಟು ಯಾವ ಚಕ್ರದ ಮೇಲೆ, ಯಾವ ಚಕ್ರದ ಕೆಳಗೆ ಹೋಗಿದೆ ಅಂತ ತೆಗೆಯುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಗಿರಣಿಯಾಗಲಿ ಕಾರಾಗಲಿ, ಮಾತು ಒಂದೇ: ಮೊದಲು ನಿಲ್ಲಿಸು, ಆಮೇಲೆ ಸಡಿಲಿಸು, ಆಮೇಲೆ ತೆಗೆ.

ಬೆಲ್ಟಿಗೆ ಬೇಲಿ

ಹೊಲಕ್ಕೆ ಬೇಲಿ ಹಾಕುತ್ತೇವೆ. ಬೆಲ್ಟಿಗೂ ಬೇಲಿ ಬೇಕು. ತಿರುಗುವ ಯಂತ್ರಕ್ಕೆ ತಡೆ ಇರಬೇಕು ಅಂತ 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಓಡುತ್ತಿರುವ ಚಕ್ರ, ಬೆಲ್ಟುಗಳನ್ನು ಒರೆಸುವ, ಎಣ್ಣೆ ಹಾಕುವ ಕೆಲಸ ಹೆಂಗಸರಿಗೆ ಕೊಡಬಾರದು ಅಂತಲೂ ಇತ್ತು. ಅದು ಕಾರ್ಖಾನೆಗಳಿಗೆ ಮಾಡಿದ ಕಾಯಿದೆ. ಆದರೆ ದೊಡ್ಡ ಕಾರ್ಖಾನೆ, ಸಣ್ಣ ಗಿರಣಿ ಅನ್ನುವ ಭೇದ ಬೆಲ್ಟಿಗೆ ಗೊತ್ತಿಲ್ಲ.

ಗಿರಣಿಗೆ ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ. ಜಡೆ ಸುತ್ತಿ ಕಟ್ಟಿ. ಮಕ್ಕಳನ್ನು ಹೊರಗೇ ನಿಲ್ಲಿಸಿ. ಜಾಲರಿ ಇಲ್ಲದಿದ್ದರೆ "ಜಾಲರಿ ಹಾಕಿಸಿ" ಅಂತ ಕೇಳಿ. ಒಬ್ಬಳು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಹಾಕಿಸುತ್ತಾರೆ.

ನನ್ನ ಚಿಕ್ಕಮ್ಮ ಆಮೇಲೆ ಅಕ್ಷರ ಕಲಿಯಲು ಬಂದಳು. ಬಲಗೈಯಲ್ಲಿ ಬಳಪ ನಿಲ್ಲಲಿಲ್ಲ. ಎಡಗೈಯಲ್ಲಿ ಕಲಿತಳು. ಈಗ ಬ್ಯಾಂಕಿನಲ್ಲಿ ಎಡಗೈಯಲ್ಲೇ ಸಹಿ ಹಾಕುತ್ತಾಳೆ. "ನಿಲ್ಲಿಸು ಅನ್ನುವ ಒಂದು ಮಾತು ಅವತ್ತು ನನ್ನ ಬಾಯಲ್ಲಿ ಬರಲಿಲ್ಲ ನೋಡು" ಅಂತ ಈಗಲೂ ಹೇಳುತ್ತಾಳೆ.

ಆ ಮಾತು ನಿಮ್ಮ ಬಾಯಲ್ಲಿ ಬರಲಿ.

ಓದಿ, ಮಾತಾಡಿ

1. ನಿಮ್ಮೂರ ಗಿರಣಿಯ ಬೆಲ್ಟಿಗೆ ಜಾಲರಿ ಇದೆಯಾ?
2. ಬೆಲ್ಟು ತೆಗೆಯುವ ಮೊದಲು ಏನೇನು ಮಾಡಬೇಕು?
3. "ಕೆಲಸ ನಡೆದಿದೆ. ಸ್ವಿಚ್ಚು ಹಾಕಬೇಡಿ." ದೊಡ್ಡ ಅಕ್ಷರದಲ್ಲಿ ಬರೆಯಿರಿ.