ಬಂದು ಹೋಗುವ ದೋಷ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಆಡಿ ಎಂದರು. ಅದನ್ನು ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ಹಳೆಯ ಗಾಡಿಯ ವೈರಿಂಗ್ ಬಗ್ಗೆ ಮಾತಾಡುತ್ತೇನೆ. ಇದಕ್ಕೆ ಬೇಕಾದ ವಿಜ್ಞಾನವೆಲ್ಲ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲೇ ಇದೆ. ಬಿಇ ಓದುವ ತನಕ ಕಾಯಬೇಕಾಗಿಲ್ಲ.

ನನ್ನ ಸೋದರಮಾವನ ಹತ್ತಿರ ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ವ್ಯಾನ್ ಇದೆ. ಬೆಳಗಿನ ಜಾವ ಮೂರು ಗಂಟೆಗೆ ಹಳ್ಳಿಗಳಿಂದ ಹೂವು ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುವುದು ಅವರ ಕೆಲಸ. ಹೋದ ಮಳೆಗಾಲದಲ್ಲಿ ಈ ಗಾಡಿ ಓಡುತ್ತ ಓಡುತ್ತಲೇ ನಿಂತುಬಿಡಲು ಶುರುವಾಯಿತು. ಹದಿನೈದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ತಂದರೆ ದಿನವಿಡೀ ಚೆನ್ನಾಗಿ ಓಡುತ್ತದೆ, ಡಾಕ್ಟರ ಬಾಗಿಲಿಗೆ ಹೋದ ತಕ್ಷಣ ಹಲ್ಲುನೋವು ನಿಂತುಹೋದ ಹಾಗೆ. ಒಂದು ಕಡೆ ಬ್ಯಾಟರಿ ಬದಲಾಯಿಸಿದರು, ಇನ್ನೊಂದು ಕಡೆ ಇಗ್ನಿಷನ್ ಕಾಯಿಲ್. ಒಂಬತ್ತು ಸಾವಿರ ರೂಪಾಯಿ ಹೋಯಿತು, ದೋಷ ಹೋಗಲಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ ನಿಂತರೆ ಏನಾಗಬಹುದು ಎಂದು ಅತ್ತೆಗೆ ನಿದ್ದೆ ಇಲ್ಲ. ಮಾವ ಗಾಡಿಯನ್ನು ಗುಜರಿಗೆ ಹಾಕುವ ಮಾತಾಡುತ್ತಿದ್ದರು. ಹೊಸದಕ್ಕೆ ಸಾಲ ಮಾಡಬೇಕು.

ಗ್ಯಾರೇಜಿನವರನ್ನು ನಾನು ಬಯ್ಯುವುದಿಲ್ಲ. ಪಾರ್ಟ್ ಬದಲಾಯಿಸಿದರೆ ನಾವು ದುಡ್ಡು ಕೊಡುತ್ತೇವೆ. "ಎರಡು ದಿನ ಗಾಡಿ ಮುಂದೆ ಕೂತು ಯೋಚನೆ ಮಾಡಿದೆ" ಎಂದು ಯಾರಾದರೂ ಬಿಲ್ ಬರೆದರೆ ಕೊಡುತ್ತೇವೆಯೇ?

ಬಂದು ಹೋಗುವ ದೋಷ ಹುಡುಕಲು ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ನೋಟ್‌ಬುಕ್. ಮಾವನಿಗೆ ಒಂದು ಇನ್ನೂರು ಪುಟದ ಪುಸ್ತಕ ಕೊಟ್ಟು, ನಿಂತಾಗಲೆಲ್ಲ ಬರೆಯಿರಿ ಎಂದೆ: ಹೊರಟು ಎಷ್ಟು ಹೊತ್ತಾಗಿತ್ತು, ಮಳೆ ಇತ್ತೇ, ಏನೇನು ಆನ್ ಆಗಿತ್ತು, ಎಂಜಿನ್ ಜೊತೆಗೆ ಇನ್ನೇನು ನಿಂತಿತು, ಏನು ನಿಲ್ಲಲಿಲ್ಲ. "ನಾನೇನು ಪರೀಕ್ಷೆಗೆ ಕೂತಿದೀನೇನೋ?" ಎಂದರು. ಆದರೂ ಬರೆದರು. ಮೂರು ವಾರದಲ್ಲಿ ಐದು ಸಲ ನಿಂತಿತ್ತು. ಐದೂ ಸಲ ಮಳೆ. ಐದೂ ಸಲ ಹೊರಟು ಅರ್ಧ ಗಂಟೆ ದಾಟಿತ್ತು. ಗಾಜಿನ ಮೇಲೆ ಹಬೆ ಕೂರುತ್ತದೆಂದು ಬ್ಲೋವರ್ ಹಾಕಿದ್ದರು. ಒಂದು ಕಡೆ ಹೀಗೆ ಬರೆದಿದ್ದರು: "ವೈಪರ್ ಗಾಜಿನ ಮಧ್ಯದಲ್ಲೇ ನಿಂತಿತು. ಹೆಡ್‌ಲೈಟ್ ಉರಿಯುತ್ತಿತ್ತು."

ಒಂಬತ್ತು ಸಾವಿರ ರೂಪಾಯಿಯ ಪಾರ್ಟುಗಳಿಗಿಂತ ಈ ಎರಡು ವಾಕ್ಯಕ್ಕೆ ಬೆಲೆ ಹೆಚ್ಚು. ಹೆಡ್‌ಲೈಟ್ ಮಂಕಾಗದೆ ಉರಿಯುತ್ತಿದೆ ಎಂದರೆ ಬ್ಯಾಟರಿ, ಅದರ ಟರ್ಮಿನಲ್, ಬಾಡಿಯ ಅರ್ಥ್ ವೈರ್ ಇವುಗಳ ಮೇಲೆ ಅನುಮಾನ ಕಡಿಮೆ. ಎಂಜಿನ್ ಮತ್ತು ವೈಪರ್ ಒಟ್ಟಿಗೆ ಸತ್ತಿವೆ. ಈ ಗಾಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಫ್ಯೂಸ್. ಹಾಗಾದರೆ ತೊಂದರೆ ಇರುವುದು ಇಬ್ಬರಿಗೂ ಕರೆಂಟು ಹಂಚುವ ಜಾಗದಲ್ಲಿ, ಫ್ಯೂಸಿಗಿಂತ ಹಿಂದೆ. ಅಲ್ಲಿರುವುದು ಕೀ ಸ್ವಿಚ್ ಮತ್ತು ಅದರ ಕಪ್ಲರ್. ಹೆಡ್‌ಲೈಟಿನ ಕರೆಂಟು ಇದರಲ್ಲಿ ಕೀ ಸ್ವಿಚ್ ಮೂಲಕ ಹೋಗುವುದಿಲ್ಲ. ಬಾನೆಟ್ ಎತ್ತುವ ಮೊದಲೇ ಇಷ್ಟು ಗೊತ್ತಾಯಿತು.

ಆದರೆ ಅನುಮಾನವೇ ಸಾಕ್ಷಿಯಲ್ಲ. ಒಂದು ಭಾನುವಾರ ಮನೆಯ ಅಂಗಳದಲ್ಲಿ ಎರಡು ಸಣ್ಣ 12 ವೋಲ್ಟ್ ಬಲ್ಬಿಗೆ ಉದ್ದ ವೈರ್ ಕಟ್ಟಿದೆವು. ಒಂದನ್ನು ಕೀ ಸ್ವಿಚ್ಚಿಗೆ ಕರೆಂಟು ಒಳಬರುವ ವೈರಿಗೆ, ಇನ್ನೊಂದನ್ನು ಇಗ್ನಿಷನ್ ಕಾಯಿಲ್‌ನ ಪ್ಲಸ್ ತುದಿಗೆ ಸೇರಿಸಿ, ಎರಡನ್ನೂ ಸೀಟಿನ ಮುಂದೆ ತಂದು ಇಟ್ಟೆವು. ಎಂಜಿನ್ ಸ್ಟಾರ್ಟ್ ಮಾಡಿ, ಗಾಜಿಗೆ ನೀರು ಹಾಕುತ್ತ ವೈಪರ್ ಓಡಿಸಿ, ಬ್ಲೋವರ್ ಪೂರ್ತಿ ಇಟ್ಟು ಕಾದೆವು. ಮಾವನ ಮಗಳು, ಇದೇ ಶಾಲೆಯ ಒಂಬತ್ತನೇ ತರಗತಿಯವಳು, ಬಲ್ಬು ಕಾಯುವ ಕೆಲಸ ವಹಿಸಿಕೊಂಡಳು. ಸುಮಾರು ಮುಕ್ಕಾಲು ಗಂಟೆಗೆ ಎಂಜಿನ್ ನಿಂತಿತು. ಮೊದಲ ಬಲ್ಬು ಉರಿಯುತ್ತಿತ್ತು, ಎರಡನೆಯದು ಆರಿತ್ತು. ಗುಂಡಿ ಎರಡು ಬಲ್ಬಿನ ಮಧ್ಯೆ ಇದೆ ಎಂದಾಯಿತು. ಎರಡನೇ ಬಲ್ಬನ್ನು ಕಾಯಿಲ್‌ನಿಂದ ಬಿಚ್ಚಿ ಫ್ಯೂಸ್ ಬಾಕ್ಸಿನ ಮುಂಚಿನ ವೈರಿಗೆ ಹಾಕಿ ಇನ್ನೊಮ್ಮೆ ಕಾದೆವು, ಮತ್ತೆ ಅದೇ. ದಾರಿಯನ್ನು ಹೀಗೆ ಮೊಟಕು ಮಾಡುತ್ತ ಹೋಗುವುದು ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ದಿನನಿತ್ಯದ ಕೆಲಸ. ಅಲ್ಲಿಯೂ ಬಂದು ಹೋಗುವ ಬಗ್‌ಗಳಿವೆ. "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆಯಲ್ಲ" ಎಂದು ದೂರನ್ನೇ ಮುಚ್ಚಿಬಿಡುವವರೂ ಇದ್ದಾರೆ.

ಈಗ ಓಮನ ನಿಯಮಕ್ಕೆ ಬರೋಣ. ಕಪ್ಲರ್ ಬಿಚ್ಚಿ ಮೀಟರಿನಲ್ಲಿ ರೆಸಿಸ್ಟೆನ್ಸ್ ನೋಡಿದರೆ ಬಹುತೇಕ ಸೊನ್ನೆ ತೋರಿಸುತ್ತದೆ. ಸಾಧಾರಣ ಮಲ್ಟಿಮೀಟರ್ ಓಮ್ಸ್ ಅಳೆಯುವಾಗ ಹರಿಸುವ ಕರೆಂಟು ತೀರ ಅಲ್ಪ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸರಿಯೆಂದೇ ಕಾಣುತ್ತದೆ. ಒಬ್ಬ ಮನುಷ್ಯ ನಡೆದು ದಾಟಿದ ಕಾಲುಸಂಕದ ಮೇಲೆ ಎತ್ತಿನಗಾಡಿ ಹೋಗುತ್ತದೆಯೇ? ಆದ್ದರಿಂದ ಭಾರ ಹೊತ್ತಾಗಲೇ ಅಳೆಯಬೇಕು. ಎಲ್ಲವನ್ನೂ ಆನ್ ಮಾಡಿ, ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಕಪ್ಲರಿಗೆ ಕರೆಂಟು ಬರುವ ಕಡೆ, ಇನ್ನೊಂದನ್ನು ಹೋಗುವ ಕಡೆ ಹಿಡಿಯಬೇಕು. ಒಳ್ಳೆಯ ಜೋಡಣೆಯಾದರೆ 0.1 ವೋಲ್ಟಿನ ಆಸುಪಾಸು ಬರಬೇಕು. ನಮಗೆ ಬಂದದ್ದು 1.8.

ವಿದ್ಯಾರ್ಥಿಗಳು ಲೆಕ್ಕ ಹಾಕಿ. ಕಾಯಿಲ್, ವೈಪರ್, ಬ್ಲೋವರ್ ಸೇರಿ ಸುಮಾರು 12 ಆಂಪಿಯರ್. 1.8ನ್ನು 12ರಿಂದ ಭಾಗಿಸಿದರೆ 0.15 ಓಮ್. ಇಷ್ಟು ಚಿಕ್ಕ ಸಂಖ್ಯೆಯಿಂದ ಏನಾದೀತು ಅನ್ನಿಸುತ್ತದೆ. ಆದರೆ 12 ಗುಣಿಸು 1.8, ಸುಮಾರು 22 ವಾಟ್. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವಾಟಿನದು. ಉಗುರಿನಷ್ಟು ಜಾಗದಲ್ಲಿ ಒಂದು ಸೋಲ್ಡರಿಂಗ್ ಐರನ್ ಇಟ್ಟ ಹಾಗಾಯಿತು! ಬಿಸಿಗೆ ಟರ್ಮಿನಲ್ ಸಡಿಲವಾಗುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ಎಂಜಿನ್ ನಿಲ್ಲುತ್ತದೆ. ಆರಿದ ಮೇಲೆ ಮತ್ತೆ ಕೂಡುತ್ತದೆ. ಮಳೆ ಇಲ್ಲದ ದಿನ ಕಾಯಿಲ್‌ನ ಸುಮಾರು 4 ಆಂಪಿಯರ್ ಮಾತ್ರ. ಕರೆಂಟು ಮೂರನೇ ಒಂದಾದರೆ ಜೌಲನ ನಿಯಮದ ಪ್ರಕಾರ ಶಾಖ ಒಂಬತ್ತನೇ ಒಂದು. ಗ್ಯಾರೇಜಿನಲ್ಲಿ ಗಾಡಿ ಏಕೆ ಕೆಡುತ್ತಿರಲಿಲ್ಲ ಎನ್ನುವುದಕ್ಕೆ ಉತ್ತರ ಇದೇ. ಹಗಲಲ್ಲಿ, ಸೂರಿನಡಿ ಯಾರು ವೈಪರ್ ಹಾಕುತ್ತಾರೆ?

ಕಪ್ಲರ್ ಎಳೆದಾಗ ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕರಗಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಪಕ್ಕದ ವೈರಿನ ಹೊದಿಕೆಯೂ ಸೀದಿತ್ತು. ಇನ್ನೊಂದು ಮಳೆಗಾಲ ಹೀಗೇ ಕಳೆದಿದ್ದರೆ ನಿಲ್ಲುವುದಿರಲಿ, ಡ್ಯಾಶ್‌ಬೋರ್ಡ್ ಹತ್ತಿಕೊಳ್ಳುವ ಸಾಧ್ಯತೆ ಇತ್ತು. ಇಂಥದ್ದಕ್ಕೆ ಫ್ಯೂಸ್ ಕೂಡ ಹಾರುವುದಿಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಲ್ಲ, ಬಿಸಿ ಮಾತ್ರ ಒಂದೇ ಕಡೆ ಸೇರಿದೆ. ಫ್ಯೂಸ್ ವಿಷಯ ಬಂತು ಎಂದು ಹೇಳುತ್ತೇನೆ: ಹತ್ತು ಆಂಪಿಯರಿನದು ಹಾರಿದರೆ ಇಪ್ಪತ್ತರದ್ದು ಹಾಕುವುದು, ತಾಮ್ರದ ಎಳೆ ಸುತ್ತುವುದು, ಇವೆರಡನ್ನೂ ನಿಮ್ಮ ಮನೆಯಲ್ಲಿ ಯಾರೇ ಮಾಡಿದರೂ ತಡೆಯಿರಿ. ದೊಡ್ಡವರಾದರೂ ಸರಿ.

ಸುಟ್ಟ ಟರ್ಮಿನಲ್ ಕತ್ತರಿಸಿ, ಒಳ್ಳೆಯ ತಾಮ್ರ ಸಿಗುವ ತನಕ ವೈರ್ ಸುಲಿದು, ಹೊಸ ಟರ್ಮಿನಲ್ ಒತ್ತಿ ಹೊಸ ಕಪ್ಲರ್ ಹಾಕಿಸಿದೆವು. ಬ್ಲೋವರಿಗೆ ಒಂದು ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಕೊಟ್ಟು, ಅದರ ಭಾರ ಕೀ ಸ್ವಿಚ್ಚಿನ ಮೇಲೆ ಬೀಳದ ಹಾಗೆ ಮಾಡಿದೆವು. ಊರಿನ ಎಲೆಕ್ಟ್ರಿಷಿಯನ್ ಕೂಲಿ ಸೇರಿ ಏಳುನೂರು ರೂಪಾಯಿ. ಮತ್ತೆ ಮೀಟರ್ ಹಿಡಿದಾಗ 0.08 ವೋಲ್ಟ್ ಬಂತು. ಆಮೇಲಿನ ಮಳೆಯಲ್ಲಿ ಮಾವ ಪುಸ್ತಕದಲ್ಲಿ ಏನೂ ಬರೆದಿಲ್ಲ. ಉಳಿದ ಹಾಳೆಗಳಲ್ಲಿ ಈಗ ಹೂವಿನ ಲೆಕ್ಕ ಇದೆ.

ಎಲ್ಲ ಗಾಡಿಯಲ್ಲೂ ದೋಷ ಇಲ್ಲೇ ಇರುತ್ತದೆ ಎಂದಲ್ಲ. ಸೆಲ್ಫ್ ಹೊಡೆಯುವಾಗ ಲೈಟೆಲ್ಲ ಮಂಕಾದರೆ ಮೊದಲು ಬ್ಯಾಟರಿ ಟರ್ಮಿನಲ್, ಎಂಜಿನ್ನಿನ ಅರ್ಥ್ ವೈರ್ ನೋಡಿ. ಗುಂಡಿಯಲ್ಲಿ ಇಳಿದಾಗ ಮಾತ್ರ ಕೆಟ್ಟರೆ ವೈರಿನ ಕಟ್ಟನ್ನು ಕೈಯಲ್ಲಿ ಅಲ್ಲಾಡಿಸುತ್ತ ಹೋಗಿ. ಹಾರ್ನ್, ಫಾಗ್ ಲ್ಯಾಂಪ್ ಎಂದು ಆಮೇಲೆ ಹಾಕಿಸಿದ ಜಾಗದಲ್ಲಿ ಟೇಪ್ ಅಂಟಂಟಾಗಿ ಜಾರಿರುತ್ತದೆ. ಇಲಿಯನ್ನೂ ಮರೆಯಬೇಡಿ.

ಆ ಸುಟ್ಟ ಕಪ್ಲರ್ ತಂದಿದ್ದೇನೆ, ಒಂದು ಮಲ್ಟಿಮೀಟರ್ ಮತ್ತು ಹಳೆಯ ಬ್ಯಾಟರಿ ಕೂಡ. ಊಟವಾದ ಮೇಲೆ ವಿಜ್ಞಾನ ಪ್ರಯೋಗಾಲಯದಲ್ಲಿ ಇಟ್ಟಿರುತ್ತೇನೆ. ಓಮ್ಸ್‌ನಲ್ಲಿ ಒಮ್ಮೆ, ಬಲ್ಬು ಉರಿಸಿಕೊಂಡು ವೋಲ್ಟಿನಲ್ಲಿ ಒಮ್ಮೆ ನೀವೇ ಅಳೆದು ನೋಡಬಹುದು. ಹತ್ತನೇ ತರಗತಿಯವರು ಮೊದಲು ಬನ್ನಿ.