ವರ್ಷಾಂತ್ಯದ ಲೆಕ್ಕವೂ ವರ್ತಕರ ಹೊಣೆಯೂ



ಮಾರ್ಚಿ ತಿಂಗಳ 31ನೆಯ ತಾರೀಖಿಗೆ ಲೆಕ್ಕದ ವರ್ಷವು ಮುಗಿಯುವುದು. ಅದರ ಆಸುಪಾಸಿನಲ್ಲಿಯೇ ಯುಗಾದಿಯು ಬಂದು ಸಂವತ್ಸರವೂ ಬದಲಾಗುವುದು. ಅಂಗಡಿಯ ಕೀರ್ದಿ ಖಾತೆಗಳೂ ಬೇವುಬೆಲ್ಲದ ಬಟ್ಟಲೂ ಹೀಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ ವರ್ತಕನ ಮುಂದೆ ಬರುವುವು. ಜಮೆಯೆಷ್ಟು, ಖರ್ಚೆಷ್ಟು, ಲಾಭವೆಷ್ಟು ಎಂಬುದನ್ನು ಗುಮಾಸ್ತೆಯು ಕೂಡಿಸಿ ಕಳೆದು ತೋರಿಸಬಲ್ಲನು. ಆದರೆ ಆ ಲಾಭವು ಯಾರ ಬೆವರಿನಿಂದ, ಯಾವ ಮಾರ್ಗದಿಂದ ಬಂದಿತೆಂಬುದನ್ನು ಯಜಮಾನನೇ ತನ್ನನ್ನು ಕೇಳಿಕೊಳ್ಳಬೇಕು. ಶರಣರು ಕಾಯಕವೆಂದು ಕರೆದುದು ಬರಿಯ ದುಡಿಮೆಯನ್ನಲ್ಲ, ಸತ್ಯಶುದ್ಧವಾದ ದುಡಿಮೆಯನ್ನು. ಆ ಶುದ್ಧಿಯನ್ನು ಪರೀಕ್ಷಿಸಿಕೊಳ್ಳುವುದಕ್ಕೆ ವರ್ಷಾಂತ್ಯಕ್ಕಿಂತ ತಕ್ಕ ಸಮಯವು ಬೇರೆ ಯಾವುದಿರುವುದು?

ಈ ಮೂರು ತಾಲ್ಲೂಕುಗಳ ವ್ಯಾಪಾರದಲ್ಲಿ ಒಂದು ವಿಶೇಷವುಂಟು. ಮಂಡ್ಯದ ಕಬ್ಬು ಕಡಿದ ಮೇಲೆ ದಿನದಿಂದ ದಿನಕ್ಕೆ ಒಣಗಿ, ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುವುದು. ಮದ್ದೂರಿನ ಸಂತೆಗೆ ಬರುವ ಎಳನೀರು ಕೊಯ್ದ ಮೇಲೆ ಹೆಚ್ಚು ದಿನ ನಿಲ್ಲದು. ಮಳವಳ್ಳಿಯ ಕಡೆಯ ರೇಷ್ಮೆಗೂಡನ್ನು ಕೆಲವೇ ದಿನಗಳಲ್ಲಿ ಮಾರದಿದ್ದರೆ, ಒಳಗಿನ ಹುಳುವು ಪತಂಗವಾಗಿ ಗೂಡನ್ನು ತೂತುಮಾಡಿ ಹೊರಬೀಳುವುದು. ಆ ಗೂಡಿನಿಂದ ಒಳ್ಳೆಯ ನೂಲು ಬಾರದು. ಅಂದ ಮೇಲೆ ಇಲ್ಲಿ ಮಾರುವವನು ಕಾಯಲಾರನು, ಕೊಳ್ಳುವವನು ಕಾಯಬಲ್ಲನು. ಈ ಒಂದು ಭೇದದಲ್ಲಿಯೇ ವರ್ತಕನ ಬಲವೆಲ್ಲವೂ ಅಡಗಿರುವುದು. ಅವನ ಹೊಣೆಯೂ ಅಲ್ಲಿಯೇ ಹುಟ್ಟುವುದು. ಕಾಯಲಾರದವನನ್ನು ಕಾಯಿಸಿ ಪಡೆದ ಲಾಭವು ಖಾತೆಯಲ್ಲಿ ಲಾಭವೆಂದೇ ಬರೆಯಲ್ಪಟ್ಟರೂ ಧರ್ಮದ ದೃಷ್ಟಿಯಲ್ಲಿ ಅದು ತೀರಿಸದ ಬಾಕಿಯೇ ಸರಿ.

ಮಂಡ್ಯದ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿರುವುದು. ಕನ್ನಂಬಾಡಿಯ ಕಟ್ಟೆಯ ನೀರು ನಾಲೆಯಲ್ಲಿ ಹರಿದುಬಂದು ಈ ಒಣಭೂಮಿಯು ಕಬ್ಬಿನ ನಾಡಾಯಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದಲೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತದ ಬೆಂಬಲದಿಂದಲೂ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಸರ್ಕಾರದೊಡನೆ ರೈತರೂ ಅದರಲ್ಲಿ ಪಾಲುಗಾರರಾದರು. ಕಬ್ಬನ್ನು ಬೆಳೆಯುವವನೇ ಗಾಣದ ಒಡೆತನದಲ್ಲಿಯೂ ಪಾಲುಳ್ಳವನಾಗಬೇಕೆಂಬ ಭಾವನೆಯು ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಆ ಕಾರ್ಖಾನೆಯು ಮುಂದೆ ನಷ್ಟಕ್ಕೆ ಸಿಕ್ಕಿ, ಕೆಲವು ಹಂಗಾಮುಗಳಲ್ಲಿ ಕಬ್ಬರೆಯದೆ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಅದು ನಿಂತ ಕಾಲದಲ್ಲಿ ರೈತರು ತಮ್ಮ ಕಬ್ಬನ್ನು ದೂರದ ಕಾರ್ಖಾನೆಗಳಿಗೆ ಸಾಗಿಸಬೇಕಾಯಿತು. ಒಂದು ಉದ್ಯಮವು ತಪ್ಪಿದರೆ ಅದರ ಭಾರವು ಒಡೆಯರ ಮೇಲೆ ಮಾತ್ರವಲ್ಲದೆ ಎಷ್ಟು ಮನೆಗಳ ಮೇಲೆ ಬೀಳುವುದೆಂಬುದನ್ನು ಈ ಊರು ಕಣ್ಣಾರೆ ಕಂಡಿತು.

ಕಾಲಕ್ಕೆ ಹಣ ಸಲ್ಲಿಸುವ ವಿಷಯದಲ್ಲಿ ಶಾಸನವು ಮೌನವಾಗಿಲ್ಲ. 1966ರ ಕಬ್ಬು ನಿಯಂತ್ರಣಾಜ್ಞೆಯ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗಾಗಿ ರೈತನಿಗೆ ಹಣವು ಸಲ್ಲತಕ್ಕದ್ದು. ತಪ್ಪಿದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿಯನ್ನು ಕೊಡತಕ್ಕದ್ದು. ಆದರೆ ಬಡ್ಡಿಯನ್ನು ಕೇಳುವ ಧೈರ್ಯವು ಬಡರೈತನಿಗೆ ಎಲ್ಲಿಂದ ಬರಬೇಕು? ಮುಂದಿನ ವರ್ಷವೂ ಅದೇ ಬಾಗಿಲಿಗೆ ಕಬ್ಬನ್ನು ತರಬೇಕಾದವನು ಬಾಯಿ ತೆರೆಯಲಾರನು. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೆಲ್ಲ ನಡುಗಿಸಿದುವು. ಸಾಲದ ಹೊರೆ, ಬೆಲೆಯ ಕುಸಿತ, ಬಾರದ ಬಾಕಿಗಳ ಮಾತು ಆಗ ಊರೂರುಗಳಲ್ಲಿಯೂ ಕೇಳಿಬಂದಿತು. ತಡವಾಗಿ ಸಲ್ಲಿಸಿದ ಹಣವೂ ಪೂರ್ಣವಾಗಿ ಸಲ್ಲಿಸಿದ ಹಣವೆಂದು ಖಾತೆಯು ಹೇಳುವುದು. ಆದರೆ ಮಗಳ ಮದುವೆಗೆ ಒದಗದ ಹಣವೂ ಆಸ್ಪತ್ರೆಗೆ ಒದಗದ ಹಣವೂ ಪೂರ್ಣವಾಯಿತೆಂದು ಯಾವ ಅಂತಃಕರಣವು ಹೇಳೀತು?

ಆಲೆಮನೆಯ ಮಾತನ್ನೂ ಇಲ್ಲಿ ವಿಚಾರಿಸಬೇಕು. ಹಿಂದೆ ಬೆಂಡೆಯ ಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಕಲ್ಮಷವನ್ನು ತೆಗೆದು ಬೆಲ್ಲವನ್ನು ಕಾಯಿಸುತ್ತಿದ್ದರು. ಆ ಬೆಲ್ಲವು ಕಂದುಬಣ್ಣದ್ದು. ಹೊಂಬಣ್ಣದ ಅಚ್ಚಿಗೆ ಹೆಚ್ಚಿನ ಬೆಲೆಯನ್ನು ಕೂಗುವವರು ಮಂಡಿಯ ವರ್ತಕರೇ. ಆ ಬಣ್ಣಕ್ಕಾಗಿ ರಾಸಾಯನಿಕಗಳನ್ನೂ ಸಕ್ಕರೆಯನ್ನೂ ಬೆರೆಸಿದವನನ್ನು ಕೊನೆಗೆ ದೂರುವವರೂ ಅವರೇ. ಬಣ್ಣಕ್ಕೆ ಬೆಲೆಗಟ್ಟಿದವನು ಬೆರಕೆಯ ಪಾಪದಲ್ಲಿ ತನಗೆ ಪಾಲಿಲ್ಲವೆಂದು ಹೇಳುವುದು ನ್ಯಾಯವಲ್ಲ.

ಈ ನ್ಯಾಯವನ್ನು ಶರಣರು ತಮ್ಮ ಬದುಕಿನಲ್ಲಿಯೇ ತೋರಿಸಿಕೊಟ್ಟರು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರ ಮೇಲೆ ಭಂಡಾರವನ್ನು ಬರಿದುಮಾಡಿದರೆಂಬ ದೂರು ಬಂದಾಗ, ಅವರು ಮುನಿದು ಹೋಗದೆ ಲೆಕ್ಕವನ್ನೊಪ್ಪಿಸಿದರೆಂದು ಪುರಾಣಗಳು ಹೇಳುವುವು. ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚಾಗಿ ತಂದನು. ಅವನ ಧರ್ಮಪತ್ನಿ ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಕೇಳುವವಳು ಮನೆಯಲ್ಲಿಯೇ ಇದ್ದಳು. ತಿದ್ದಿಕೊಳ್ಳುವುದೂ ಅಂದೇ ನಡೆಯಿತು. ಇಂದಿನ ಸಾಹುಕಾರನ ಮನೆಯಲ್ಲಿ ಹಾಗೆ ಕೇಳುವವರುಂಟೆ? ಕೇಳಿದರೆ ಸಹಿಸುವ ಮನಸ್ಸುಂಟೆ?

ಬದಲಾವಣೆಯು ಕೇಳಿ ಬರುವುದಿಲ್ಲ. 2023ರಲ್ಲಿ ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿಯು ತೆರೆಯಿತು. ಮದ್ದೂರಿನ ಪೇಟೆಯೊಳಕ್ಕೆ ಇಳಿಯದೆ, ಮಂಡ್ಯದ ಬೀದಿಯನ್ನು ಕಾಣದೆ ವಾಹನಗಳು ಮುಂದೆ ಸಾಗಿದುವು. ಹಳೆಯ ರಸ್ತೆಯ ಅಂಗಡಿ ಹೋಟೆಲುಗಳ ವ್ಯಾಪಾರವು ಕುಗ್ಗಿತು. ನಾಡೆಲ್ಲ ಬಲ್ಲ ಮದ್ದೂರು ವಡೆಯನ್ನು ಮಾರುವವನೂ ಗಿರಾಕಿಯ ದಾರಿ ನೋಡುತ್ತ ಕುಳಿತಿರಬೇಕಾಯಿತು. ಕಾಯುವವನ ಕಷ್ಟವೆಂಥದೆಂಬುದನ್ನು ಅಂದು ವರ್ತಕನೂ ಅರಿತನು. ಆ ಅರಿವು ವ್ಯರ್ಥವಾಗಬಾರದು. ತನ್ನ ಮೇಲೆ ಬಂದ ಬದಲಾವಣೆಯನ್ನು ದೂರುವುದರೊಡನೆ, ತನ್ನ ಕೈಯಲ್ಲಿರುವ ಬದಲಾವಣೆಯನ್ನು ಮಾಡುವುದೇ ವಿವೇಕಿಯ ಲಕ್ಷಣವು.

ಅಂತಹ ಬದಲಾವಣೆಗಳು ದೊಡ್ಡವೇನೂ ಅಲ್ಲ. ಖಾತೆಯಲ್ಲಿ ಮಾಲು ಬಂದ ದಿನ, ಹಣ ಕೊಟ್ಟ ದಿನ ಇವೆರಡನ್ನೂ ಅಕ್ಕಪಕ್ಕದಲ್ಲಿ ಬರೆಯಿಸಲಿ. ನಡುವಣ ದಿನಗಳನ್ನು ಯಜಮಾನನೇ ಎಣಿಸಲಿ. ತಕ್ಕಡಿಯನ್ನು ಮಾರುವವನ ಕಣ್ಣೆದುರಿಗೆ ಪರೀಕ್ಷಿಸಲಿ. ಬಣ್ಣಕ್ಕಲ್ಲದೆ ಶುದ್ಧಿಗೆ ಬೆಲೆಕಟ್ಟಲಿ. ಬಾಕಿಯುಳ್ಳವನು ಬಂದು ಬೇಡುವ ಮುನ್ನ ತಾನೇ ಅವನನ್ನು ಕರೆಯಿಸಿ, ಖಾತೆಯನ್ನು ಅವನ ಮುಂದೆ ತೆರೆದು, ಓದುಬಾರದವನಾದರೆ ಓದಿ ಹೇಳಿ, ಸಲ್ಲತಕ್ಕ ಬಡ್ಡಿಯೊಡನೆ ತೀರಿಸಲಿ. ಮಠಕ್ಕೆ ಸಲ್ಲಿಸುವ ಕಾಣಿಕೆಯು ಇದಾದ ಮೇಲಿನದು. ರೈತನ ಬಾಕಿಯನ್ನು ಉಳಿಸಿಕೊಂಡು ಮಾಡಿದ ದಾಸೋಹವು ದಾಸೋಹವೆನಿಸದು. ಅದು ಪರರ ಅನ್ನವನ್ನು ತನ್ನ ಹೆಸರಿನಲ್ಲಿ ಬಡಿಸಿದಂತಾಗುವುದು.

ಯುಗಾದಿಯ ದಿನ ಬೇವನ್ನೂ ಬೆಲ್ಲವನ್ನೂ ಕೂಡಿಯೇ ತಿನ್ನುವುದು ಈ ನಾಡಿನ ಪದ್ಧತಿ. ಬೆಲ್ಲವನ್ನು ತಾನಿಟ್ಟುಕೊಂಡು ಬೇವನ್ನು ಬೆಳೆದವನಿಗೇ ಬಿಡುವ ವ್ಯಾಪಾರವು ಈ ವರ್ಷಕ್ಕೆ ಮುಗಿಯಲಿ. ಹೊಸ ಖಾತೆಯ ಮೊದಲನೆಯ ಪುಟದಲ್ಲಿ ಹಳೆಯ ಬಾಕಿಯೊಂದು ತೀರಿದ ಲೆಕ್ಕವು ಬರೆಯಲ್ಪಡಲಿ.